ತೇಗದ ಕಾಡು ಬಿಡಿಸಿದ ವರ್ಷ

ಕಳೆದ ತಿಂಗಳು ಅಮ್ಮತ್ತಿಗೆ ಹೋಗಿದ್ದೆ. ಭಾರತಿ ಅತ್ತಿಗೆ ಅಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣ ಹರೀಶನ ಹೆಂಡತಿ. ಈಗ ಅಮ್ಮತ್ತಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಒಬ್ಬ ಸಾಧು ಮನುಷ್ಯನ ಹೆಂಡತಿ. ಈ ಎರಡು ಮಾತನ್ನೂ ಒಂದರ ಪಕ್ಕ ಒಂದಿಟ್ಟು ಹೇಳುವುದನ್ನು ಕಲಿಯಲು ನನಗೆ ತುಂಬ ಕಾಲ ಹಿಡಿಯಿತು.

ಮನೆಯ ಮುಂದೆ ಬಡಗಿಗಳು ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದರು. ಕಾರಿನಿಂದ ಇಳಿಯುತ್ತಿದ್ದಂತೆ ಆ ವಾಸನೆ ಬಂತು. ತೇಗವನ್ನು ಹೊಸದಾಗಿ ಕೊಯ್ದಾಗ ಬರುವ ವಾಸನೆ ಬೇರೆ ಯಾವ ಮರಕ್ಕೂ ಇಲ್ಲ. ಎಣ್ಣೆ ಸವರಿದ ಹಳೆಯ ಚರ್ಮದ ಹಾಗೆ, ಸ್ವಲ್ಪ ಒಗರು, ಸ್ವಲ್ಪ ಹೊಗೆ. ನಾನು ಗೇಟು ಹಿಡಿದು ನಿಂತುಬಿಟ್ಟೆ. ಅತ್ತಿಗೆ ಒಳಗಿನಿಂದ ಬಂದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು.

"ಮಾವ ಕಳಿಸಿದ ಮರ ಶಶಿ," ಎಂದರು. "ಬೇಡ ಅಂತ ಹೇಳಿದ್ದೆ. ಕೇಳ್ಲಿಲ್ಲ. ಲಾರೀಲಿ ಹಾಕಿ ಕಳಿಸಿಬಿಟ್ರು."

ಅಪ್ಪ ನನಗೆ ಹೇಳಿರಲಿಲ್ಲ. ಅಣ್ಣ ಹೋದ ಮರುವರ್ಷ ನಮ್ಮ ತೇಗದ ಕಾಡಿನಲ್ಲಿ ಕಡಿದದ್ದರಲ್ಲಿ ಕೆಲವು ಒಳ್ಳೆಯ ದಿಮ್ಮಿಗಳನ್ನು ಮಾರದೆ ಕೊಟ್ಟಿಗೆಯ ಹಿಂದೆ ಇಟ್ಟುಕೊಂಡಿದ್ದರು. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ. ಆ ವರ್ಷ ನಾವು ಯಾರೂ ಯಾರನ್ನೂ ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಮನೆ ಇರುವುದು ಕುಶಾಲನಗರದ ಕಡೆ. ಅಜ್ಜ ಅರಕಲಗೂಡಿನಿಂದ ಬಂದು ಇಲ್ಲಿ ಜಮೀನು ಮಾಡಿದವರು. ಕೆಳಗಿನ ಮಟ್ಟಸ ನೆಲದಲ್ಲಿ ರಾಗಿ, ಜೋಳ, ಶುಂಠಿ ಬೆಳೆದರು. ಮೇಲಿನ ಇಳಿಜಾರು ಬರೀ ಕಲ್ಲು. ಮಡಿಕೇರಿ ಕಡೆಯವರ ಹಾಗೆ ಕಾಫಿ ಹಾಕೋಣವೆಂದರೆ ನಮ್ಮಲ್ಲಿ ಅಷ್ಟು ಮಳೆಯಿಲ್ಲ. ಅಜ್ಜ ಅಲ್ಲಿ ತೇಗದ ಸಸಿ ನೆಟ್ಟರು. ಅದನ್ನು ತಾನು ಕಡಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತನ್ನ ಮಗನೂ ಪೂರ್ತಿ ಕಡಿಯುವುದಿಲ್ಲ, ಮೊಮ್ಮಕ್ಕಳಿಗೆ ಆಗುತ್ತದೆ ಎಂದು ಊರವರಿಗೆಲ್ಲ ಹೇಳುತ್ತಿದ್ದರಂತೆ. ಊರವರು ನಕ್ಕಿರಬೇಕು.

ತೇಗವನ್ನು ಮೊದಲು ಒತ್ತಾಗಿ ನೆಡುತ್ತಾರೆ. ಬೆಳಕಿಗಾಗಿ ಪೈಪೋಟಿ ಮಾಡಿ ಅವು ನೇರವಾಗಿ ಮೇಲೇಳಲಿ ಎಂದು. ಆಮೇಲೆ ಕೆಲವು ವರ್ಷಕ್ಕೊಮ್ಮೆ ಡೊಂಕಾದದ್ದು, ಬಡವಾದದ್ದು, ಪಕ್ಕದ್ದಕ್ಕೆ ಅಡ್ಡ ಬಂದದ್ದು ಇವನ್ನೆಲ್ಲ ತೆಗೆದು ಉಳಿದವಕ್ಕೆ ಜಾಗ ಕೊಡಬೇಕು. ಇದಕ್ಕೆ ಅಪ್ಪ ಕಾಡು ಬಿಡಿಸುವುದು ಎನ್ನುತ್ತಿದ್ದರು. ಬಿಡಿಸದೆ ಹೋದರೆ ಎಲ್ಲವೂ ಕೋಲಿನ ಹಾಗೆ ಸಣಕಲಾಗಿ ನಿಲ್ಲುತ್ತವೆ. ತಪ್ಪಾಗಿ ಬಿಡಿಸಿದರೆ ಒಳ್ಳೆಯದು ಹೋಗಿ ಕೆಟ್ಟದ್ದು ಉಳಿಯುತ್ತದೆ, ಅದು ತಿಳಿಯುವುದು ಇಪ್ಪತ್ತು ವರ್ಷದ ಮೇಲೆ. ಮೊದಲ ಸಲ ಬಿಡಿಸಿದ್ದು ಅಪ್ಪ. ಎರಡನೆಯ ಸಲದ ಜವಾಬ್ದಾರಿ ಅಣ್ಣನದು. ಅಣ್ಣ ಒಂದು ಬೇಸಿಗೆಯಿಡೀ ಕಾಡು ಸುತ್ತಿ, ಕಡಿಯಬೇಕಾದ ಮರಗಳಿಗೆ ಬಿಳಿ ಬಣ್ಣದ ಪಟ್ಟಿ ಬಳಿದಿದ್ದ. ಅರಣ್ಯ ಇಲಾಖೆಗೆ ಅರ್ಜಿ ಹಾಕಿದ್ದ. ಅವರು ಬಂದು ನಂಬರು ಹಾಕಿ ಹೋಗಿದ್ದರು. ಅಪ್ಪಣೆ ಬರಬೇಕಿತ್ತು.

ಅಷ್ಟರಲ್ಲಿ ಮಳೆಗಾಲ ಬಂತು. ಅತ್ತಿಗೆಯ ತವರು ಗಾಳಿಬೀಡು. ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಅವರ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ನೇರಳೆ ಬಣ್ಣದ್ದು. ಅದಕ್ಕೆಂದು ಅಣ್ಣ ಅತ್ತಿಗೆಯನ್ನೂ ಮಗಳು ಪುಟ್ಟಿಯನ್ನೂ ಜೀಪಿನಲ್ಲಿ ಗಾಳಿಬೀಡಿಗೆ ಬಿಟ್ಟು, ಪಾಯಸ ತಿಂದು, ಮಧ್ಯಾಹ್ನ ವಾಪಸು ಹೊರಟ. ಮಡಿಕೇರಿ ತಲುಪುವ ಮೊದಲೇ ರಸ್ತೆ ಬದಿಯ ಒಂದು ಮರ ಬೇರು ಸಮೇತ ಜೀಪಿನ ಮೇಲೆ ಬಿತ್ತು. ಅದು ಯಾವ ಮರ ಎಂದು ನಾನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಮರ ಬೆಳೆಸುವ ಮನೆಯವನು ಮರ ಬಿದ್ದು ಹೋದ ಎಂದು ಜನ ಮಾತಾಡಿಕೊಂಡರು. ಅವರ ಬಾಯಿ ಕಟ್ಟುವುದು ಹೇಗೆ? ಆ ಮಾತು ನನ್ನ ಕಿವಿಗೂ ಬಿತ್ತು. ಏನೂ ಅನಿಸಲಿಲ್ಲ. ಹುಣಸೂರಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ತಿಥಿಯಾದ ವಾರವೇ ಶಾಲೆಗೆ ಹೋದೆ, ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದೆ, ಉತ್ತರವೂ ಸರಿ ಬಂತು. ಸಹೋದ್ಯೋಗಿ ಒಬ್ಬರು ನನ್ನನ್ನು ಗಟ್ಟಿಗಿತ್ತಿ ಎಂದರು. ನಾನು ಗಟ್ಟಿಯಾಗಿರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ಹಾಗಿದ್ದೆ.

ಮರ ಕಡಿಯುವ ಅಪ್ಪಣೆ ಬಂದದ್ದು ಡಿಸೆಂಬರಿನಲ್ಲಿ. ಅಪ್ಪ ಫೋನು ಮಾಡಿ, "ಈ ಬೇಸಿಗೇಲೇ ಮುಗಿಸ್ಬೇಕಂತೆ. ನೀನು ಬಂದು ನಿಂತ್ಕೊಂಡ್ರೆ ಆಯ್ತದೆ," ಎಂದರು. ಅಮ್ಮ ಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅಪ್ಪ ಮತ್ತು ಅತ್ತಿಗೆ ಇಬ್ಬರೇ. ನಾನು ಸಂಬಳವಿಲ್ಲದ ರಜೆ ಹಾಕಿ ಹೋದೆ.

ಮನೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಅದೇ ಭಯ ಹುಟ್ಟಿಸುವ ಹಾಗಿತ್ತು. ಅಪ್ಪ ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಅತ್ತಿಗೆ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು. ಒಂದು ದಿನ ಸಾರಿಗೆ ಉಪ್ಪೇ ಇರಲಿಲ್ಲ. ಮೂವರೂ ಉಂಡು ಎದ್ದೆವು. ಕೈ ತೊಳೆಯುವಾಗ ಅತ್ತಿಗೆ, "ಉಪ್ಪು ಹಾಕಿರ್ಲಿಲ್ಲ ಅಲ್ವಾ?" ಎಂದು ಕೇಳಿದರು. ನನಗೆ ನೆನಪಾಗಲಿಲ್ಲ.

ಪುಟ್ಟಿ ಗಾಳಿಬೀಡಿನಲ್ಲೇ ಅಜ್ಜಿಯ ಬಳಿ ಉಳಿದಿದ್ದಳು. ಅಲ್ಲೇ ಅಂಗನವಾಡಿಗೆ ಸೇರಿಸಿದ್ದರು. ಅತ್ತಿಗೆಯ ಅಮ್ಮ ದಿನಾ ಸಂಜೆ ಫೋನು ಮಾಡಿ ಮಗಳನ್ನು ಕರೆಯುತ್ತಿದ್ದರು. ಅತ್ತಿಗೆ ತಮ್ಮ ಅರೆಭಾಷೆಯಲ್ಲಿ, "ಈಗ ಬೊತ್ತು ಅವ್ವ, ಈಗ ಬೊತ್ತು," ಎನ್ನುತ್ತಿದ್ದರು. ಈಗ ಬೇಡ, ಈಗ ಬೇಡ. ಪುಟ್ಟಿಯನ್ನಾದರೂ ಇಲ್ಲಿಗೆ ಕರೆಸಿಕೊಳ್ಳಿ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ಪಾತ್ರೆ ತಿಕ್ಕುತ್ತ, ತಲೆಯೆತ್ತದೆ, "ಅವಳು ಅವರಂಗೇ ನಗ್ತಾಳೆ ಶಶಿ. ಇನ್ನೂ ಸ್ವಲ್ಪ ದಿನ ಹೋಗ್ಲಿ," ಎಂದರು.

ಕಡಿಯುವ ಕೆಲಸಕ್ಕೆ ಮೊಯ್ದು ಬಂದ. ಸಿದ್ದಾಪುರದ ಕಡೆಯವನು, ಮನೆಮಾತು ಮಲಯಾಳ, ನಮ್ಮ ಕಡೆ ಮರ ಕಡಿಸುವವರೆಲ್ಲ ಅವನನ್ನೇ ಕರೆಸುವುದು. ಐದಾರು ಆಳು, ಎರಡು ಗರಗಸದ ಮೆಷಿನ್ನು, ಹಗ್ಗ, ಒಂದು ಟ್ರ್ಯಾಕ್ಟರ್. ಮೊದಲ ದಿನ ಅವನು ಅಪ್ಪನ ಎದುರು ನಿಂತು ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅಪ್ಪ, "ಕಾಫಿ ಕುಡ್ದು ಶುರು ಮಾಡಪ್ಪ," ಎಂದರು.

ಜನವರಿ ಕಳೆಯುವ ಹೊತ್ತಿಗೆ ತೇಗದ ಕಾಡಿನಲ್ಲಿ ಒಂದು ಎಲೆಯೂ ಇರುವುದಿಲ್ಲ. ಕಾಡು ಎಂದರೆ ನೆರಳು ಎಂದುಕೊಂಡವರು ಆಗ ಅಲ್ಲಿಗೆ ಬಂದು ನೋಡಬೇಕು. ಬೂದಿಬಣ್ಣದ ಕಂಬಗಳು, ಮೇಲೆ ಬಿಳಿಯ ಬಿಸಿಲು, ಕೆಳಗೆ ಮೊರದಗಲದ ಒಣ ಎಲೆಗಳು. ಹಲ್ಲಿ ಓಡಿದರೂ ಮನುಷ್ಯ ನಡೆದು ಬಂದ ಹಾಗೆ ಸದ್ದಾಗುತ್ತದೆ. ಮೊದಮೊದಲು ಅತ್ತಿಗೆ ಪ್ರತಿ ಸದ್ದಿಗೂ ತಿರುಗಿ ನೋಡುತ್ತಿದ್ದರು.

ಹೌದು, ಅತ್ತಿಗೆ ದಿನಾ ಕಾಡಿಗೆ ಬರುತ್ತಿದ್ದರು. ಅವರು ಬರಬೇಕಾಗಿರಲಿಲ್ಲ. ಬುತ್ತಿ ತರುವ ನೆಪ ಮೊದಲು ಇತ್ತು, ಆಮೇಲೆ ನೆಪವೂ ಇರಲಿಲ್ಲ. ಕೆಲಸ ಶುರುವಾಗುವ ಮೊದಲೇ ಬಂದು, ಮೇಲಿನ ಬಂಡೆಯ ಮೇಲೆ ಕೂತು, ಒಂದೊಂದು ಮರ ಬೀಳುವುದನ್ನೂ ನೋಡುತ್ತಿದ್ದರು. ಮೊಯ್ದು ಮರ ಬೀಳಬೇಕಾದ ಕಡೆಗೆ ಬುಡದಲ್ಲಿ ಕಚ್ಚು ಹಾಕಿ ಬಾಯಿ ಬಿಡಿಸುತ್ತಿದ್ದ, ಆಮೇಲೆ ಹಿಂದಿನಿಂದ ಕೊಯ್ಯುತ್ತಿದ್ದ. ಒಂದು ಹಂತದಲ್ಲಿ ಮೆಷಿನ್ನು ನಿಲ್ಲಿಸಿ ಎಲ್ಲರೂ ಹಿಂದೆ ಸರಿಯುತ್ತಿದ್ದರು. ಮರದೊಳಗೆ ಲಟ್ ಎಂದು ಒಂದು ಸದ್ದು. ಮತ್ತೆ ಒಂದು. ತುದಿ ಆಕಾಶದಲ್ಲಿ ಸ್ವಲ್ಪ ಜರುಗಿದಂತೆ ಕಾಣುವುದು. ಆಮೇಲೆ ಬೀಳುವುದು. ಬಿದ್ದ ಮೇಲೆ ಧೂಳು, ಆ ವಾಸನೆ. ಅತ್ತಿಗೆ ಕಣ್ಣು ಮಿಟುಕಿಸುತ್ತಿರಲಿಲ್ಲ.

ಆಳುಗಳಿಗೆ ಇದು ಹಿಡಿಸಲಿಲ್ಲ. ಮೊಯ್ದು ನನ್ನ ಹತ್ತಿರ ಬಂದು, "ಟೀಚರೇ, ಅವರನ್ನ ಮನೆಗೆ ಕರ್ಕೊಂಡು ಹೋಗಿ. ನಮ್ಮ ಹುಡುಗ್ರು ಹೆದರ್ತಾರೆ," ಎಂದ. ನಾನು ಕರೆದೆ. ಅತ್ತಿಗೆ ಬರಲಿಲ್ಲ. ಅಪ್ಪನಿಗೆ ಹೇಳಿದೆ. "ಕೂತ್ಕೊಳ್ಲಿ ಬಿಡು," ಎಂದರು ಅಪ್ಪ.

ಆ ನಡುವೆ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ, ಪಿರಿಯಾಪಟ್ಟಣದಲ್ಲಿ ಇರುವವರು. ಕೆಟ್ಟವರಲ್ಲ. ಅಣ್ಣ ಹೋದಾಗ ಎಲ್ಲ ಓಡಾಟ ಮಾಡಿದವರು ಅವರೇ. ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಮಾತು ತೆಗೆದರು.

"ಅಣ್ಣ, ನನಗೆ ಒಬ್ಬ ನಾಟಾ ವ್ಯಾಪಾರಿ ಗೊತ್ತು. ಪೂರ್ತಿ ಕಾಡು ತಗೋತೀನಿ ಅಂತಾನೆ. ಇನ್ನೊಂದು ಅರ್ಜಿ ಹಾಕಿದ್ರೆ ಮುಂದಿನ ಬೇಸಿಗೆಗೆ ಎಲ್ಲ ಮುಗೀತದೆ. ಇನ್ನು ಯಾರಿಗೆ ಅಂತ ಬೆಳೆಸ್ತೀಯ? ನಿನಗೆ ವಯಸ್ಸಾಯ್ತು. ಶಶಿ ಹುಣಸೂರಲ್ಲಿ. ಈ ಹುಡುಗಿ..." ಎಂದು ದನಿ ತಗ್ಗಿಸಿದರು. "ಈ ಹುಡುಗಿಗೆ ಇನ್ನೂ ಮೂವತ್ತು ತುಂಬಿಲ್ಲ. ಅವಳ ಪಾಲು ಅವಳ ಕೈಗೆ ಕೊಟ್ಟು ಬಿಟ್ಟುಬಿಡೋಣ. ಮರ ಕಾಯ್ಕೊಂಡು ಇಲ್ಲೇ ಕೂತಿರು ಅನ್ನೋಕಾಯ್ತದಾ?"

ನನಗೆ ಅದು ಸರಿ ಎನಿಸಿತು. ಇಂದಿಗೂ ಅದು ತಪ್ಪು ಮಾತು ಎಂದು ನನಗೆ ಅನಿಸುವುದಿಲ್ಲ. ನಿಂತ ಮರ ಎಂದರೆ ಕಟ್ಟಿಹಾಕುವ ಆಸ್ತಿ. ಅದನ್ನು ನೋಡಿಕೊಳ್ಳುವವರಿಗೆ ಅದರಿಂದ ಏನೂ ಸಿಗುವುದಿಲ್ಲ, ಅವರ ನಂತರದವರಿಗೆ ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಹೆಣ್ಣಿನ ಕೊರಳಿಗೆ ಅದನ್ನು ಯಾಕೆ ಕಟ್ಟಬೇಕು? ನಾನೂ ಅಪ್ಪನಿಗೆ, "ಚಿಕ್ಕಪ್ಪ ಹೇಳೋದು ಸರಿ ಅಪ್ಪ," ಎಂದೆ.

ಅಪ್ಪ ತಮ್ಮ ತಂದೆ ನೆಟ್ಟ ಮರಗಳ ಪರವಾಗಿ ಒಂದು ಮಾತೂ ಆಡಲಿಲ್ಲ. ಮೊದಲಾಗಿದ್ದರೆ ಚಿಕ್ಕಪ್ಪನನ್ನು ಜಗಲಿಯಿಂದ ಇಳಿಸಿಬಿಡುತ್ತಿದ್ದರು. "ಭಾರತಿನ ಕೇಳಿ. ಅವಳು ಹೆಂಗಂದ್ರೆ ಹಂಗೆ," ಎಂದು ಒಳಗೆ ಹೋದರು. ಅತ್ತಿಗೆಯನ್ನು ಕೇಳಿದರೆ, "ಕೆಲಸ ಮುಗೀಲಿ ಚಿಕ್ಕಮಾವ, ಆಮೇಲೆ ಹೇಳ್ತೀನಿ," ಎಂದರು. ಮಾರನೆಯ ಬೆಳಗ್ಗೆ ಮತ್ತೆ ಆ ಬಂಡೆಯ ಮೇಲೆ ಇದ್ದರು.

ಕೆಲಸ ಇನ್ನೇನು ಮುಗಿಯುತ್ತ ಬಂದಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಅತ್ತಿಗೆ ಬಂಡೆಯಿಂದ ಇಳಿದು ನೇರ ಮೊಯ್ದುವಿನ ಬಳಿ ಹೋದರು. ನಾನು ಹತ್ತಿರದಲ್ಲೇ ಇದ್ದೆ.

"ಮೊಯ್ದು, ಬೀಳೋ ಮೊದ್ಲು ಮರ ಸದ್ದು ಮಾಡ್ತದಲ್ಲ. ಯಾವಾಗ್ಲೂ ಮಾಡ್ತದಾ?"

ಮೊಯ್ದು ಬುತ್ತಿಯ ಡಬ್ಬಿ ಕೆಳಗಿಟ್ಟ. ಅವರು ಏನು ಕೇಳುತ್ತಿದ್ದಾರೆಂದು ಅವನಿಗೆ ತಿಳಿಯಿತು, ನನಗೂ ತಿಳಿಯಿತು. ಅಷ್ಟು ದಿನ ಅವರು ಆ ಬಂಡೆಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದದ್ದು ಇದನ್ನೇ. ಆ ಲಟ್ ಎಂಬ ಸದ್ದಿಗೂ ಮರ ನೆಲಕ್ಕೆ ಬರುವುದಕ್ಕೂ ನಡುವೆ ಎಷ್ಟು ಹೊತ್ತು ಇರುತ್ತದೆ, ಅಷ್ಟರಲ್ಲಿ ಒಬ್ಬ ಮನುಷ್ಯನಿಗೆ ಏನೇನು ಗೊತ್ತಾಗುತ್ತದೆ, ಅವನು ಏನೇನು ನೆನೆಯುತ್ತಾನೆ.

"ಇದು ನಾವು ಕುಯ್ಯೋದು ಅಲ್ವಾ ಅಮ್ಮ, ಅದಕ್ಕೆ ಸದ್ದು," ಎಂದ ಮೊಯ್ದು. "ಒಣಗಿದ ನೆಲ, ಗಟ್ಟಿ ಬೇರು. ನಾರು ಒಂದೊಂದೇ ಹರೀತದೆ. ಮಳೇಲಿ ಹಾಗಲ್ಲ. ಮಣ್ಣು ಪೂರ್ತಿ ನೆಂದಿರ್ತದೆ. ಬೇರು ಬಿಟ್ಟು ಬರೋದೇ. ಒಂದು ಸದ್ದೂ ಇಲ್ಲ."

"ಜೀಪಿನೊಳಗೆ ಇದ್ದವರಿಗೆ?"

"ಮಳೆ ಸದ್ದು, ಇಂಜಿನ್ ಸದ್ದು. ಏನೂ ಗೊತ್ತಾಗಲ್ಲ ಅಮ್ಮ. ಗೊತ್ತಾಗೋಕೆ ಹೊತ್ತೇ ಇಲ್ಲ."

"ನಿಜ ಹೇಳ್ತಿದ್ದೀಯಾ?"

"ನಿಜ," ಎಂದ.

ಅವನು ಹೇಳಿದ್ದು ನಿಜವೋ, ಆ ಹೊತ್ತಿಗೆ ಹೇಳಬೇಕಾದ್ದನ್ನು ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಯಾರನ್ನೂ ವಿಚಾರಿಸಲಿಲ್ಲ. ಅತ್ತಿಗೆ ಖಾಲಿ ಬುತ್ತಿಗಳನ್ನು ಜೋಡಿಸಿಕೊಂಡು ಮನೆಯ ಕಡೆ ಇಳಿದುಹೋದರು. ನಾನು ಸಂಜೆ ಬಂದಾಗ ಅವರು ನಡುಮನೆಯಲ್ಲಿ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಯಾರೂ ಸದ್ದು ಮಾಡದ ಹಾಗೆ ಕಾಯುತ್ತಿದ್ದರು. ಆಟಿ ತಿಂಗಳಿಂದ ಈಚೆಗೆ ಅತ್ತಿಗೆ ಹಾಗೆ ಮಲಗಿದ್ದನ್ನು ನೋಡಿಲ್ಲ ಎಂದರು.

ಮಾರನೆಯ ದಿನದಿಂದ ಅವರು ಕಾಡಿಗೆ ಬರಲಿಲ್ಲ.

ಕೆಲಸ ಮುಗಿದು, ದಿಮ್ಮಿಗಳಿಗೆ ಇಲಾಖೆಯವರು ಸುತ್ತಿಗೆಯ ಮುದ್ರೆ ಹೊಡೆದು, ಲಾರಿಗಳು ಹೋದ ಮೇಲೆ ಚಿಕ್ಕಪ್ಪ ಮತ್ತೆ ಬಂದರು. ಅತ್ತಿಗೆ ಎಲ್ಲರಿಗೂ ಕಾಫಿ ಕೊಟ್ಟು, ತಾವೂ ಒಂದು ಲೋಟ ತೆಗೆದುಕೊಂಡು, ಕಂಬಕ್ಕೆ ಒರಗಿ ಕೂತರು. ಚಿಕ್ಕಪ್ಪನ ಕಡೆ ನೋಡದೆ ಅಪ್ಪನನ್ನು ಕೇಳಿದರು.

"ಮಾವ, ಕಾಡು ನೋಡ್ಕೊಳ್ಳೋಕೆ ದಿನಾ ಯಾರಾದ್ರೂ ಇರ್ಬೇಕಾ?"

"ದಿನಾ ಏನೂ ಬೇಡ ಕಣವ್ವ," ಎಂದರು ಅಪ್ಪ. "ಬೇಸಿಗೇಲಿ ಬೆಂಕಿ ದಾಟದಂಗೆ ಸುತ್ತ ಲೈನು ಕೆರೀಬೇಕು. ಬೇಲಿ ನೋಡ್ಬೇಕು. ಈ ವರ್ಷ ಚಿಗುರು ಮುರೀಬೇಕು. ಮಿಕ್ಕಿದ್ದು ಅದರ ಪಾಡಿಗೆ ಅದು ಬೆಳೀತದೆ."

"ನಮ್ಮ ಗಾಳಿಬೀಡಿನ ಕಾಫಿ ತೋಟ ಹಂಗಲ್ಲ. ಒಂದು ವರ್ಷ ಕೈ ಬಿಟ್ರೆ ಹೋಯ್ತು."

"ಇದು ಹಂಗಲ್ಲ."

ಅತ್ತಿಗೆ ಕಾಫಿ ಪೂರ್ತಿ ಕುಡಿದರು. "ಹಂಗಾದ್ರೆ ಇರ್ಲಿ ಚಿಕ್ಕಮಾವ. ಕಡಿಯೋದು ಬೇಡ," ಎಂದರು. "ಪುಟ್ಟಿಗೆ ಅಂತ ಅಲ್ಲ, ಅವರ ನೆನಪಿಗೆ ಅಂತಾನೂ ಅಲ್ಲ. ನನಗೆ ಈಗ ಏನನ್ನೂ ಮುಗಿಸೋ ಶಕ್ತಿ ಇಲ್ಲ. ಅದು ಅಲ್ಲಿ ನಿಂತಿದ್ರೆ ನನಗೇನೂ ತೊಂದ್ರೆ ಇಲ್ಲ. ನಾನು ಇಲ್ಲದಿದ್ರೆ ಅದಕ್ಕೂ ತೊಂದ್ರೆ ಇಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ನಾನು ಗಾಳಿಬೀಡಿಗೆ ಹೋಗ್ತೀನಿ ಮಾವ," ಎಂದರು.

"ಹೋಗು ಮಗಳೇ," ಎಂದರು ಅಪ್ಪ. ತಕ್ಷಣ, ಯೋಚಿಸದೆ. ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದ ಹಾಗೆ.

ಮರ ಕಾಯ್ದುಕೊಂಡು ಉಳಿಯುವುದು, ಕಡಿಸಿ ಹೋಗುವುದು, ಎರಡರಲ್ಲಿ ಒಂದನ್ನು ಅತ್ತಿಗೆ ಆರಿಸಬೇಕು ಎಂದು ನಾವು ಎಣಿಸಿದ್ದೆವು. ಮರಗಳನ್ನು ಉಳಿಸಿ ತಾವು ಹೋಗಬಹುದು ಎಂಬುದು ಗಣಿತದ ಟೀಚರಾದ ನನಗೂ ಹೊಳೆದಿರಲಿಲ್ಲ. ಆ ವಾರವೇ ಅಪ್ಪ ಅತ್ತಿಗೆಯನ್ನು ಬಸ್ಸಿನಲ್ಲಿ ಗಾಳಿಬೀಡಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಅಂಗಳದಲ್ಲಿ ಆಡುತ್ತಿದ್ದ ಪುಟ್ಟಿ ಅಮ್ಮನನ್ನು ನೋಡಿ ಮೊದಲು ಅಜ್ಜಿಯ ಹಿಂದೆ ಅವಿತುಕೊಂಡಳಂತೆ, ಆಮೇಲೆ ಓಡಿ ಬಂದಳಂತೆ. ಅಷ್ಟನ್ನು ಹೇಳಿ ಅಪ್ಪ ಸ್ನಾನಕ್ಕೆ ಹೋದರು. ಅಮ್ಮತ್ತಿಯ ಸಂಬಂಧ ಬಂದದ್ದು ಎಷ್ಟೋ ಕಾಲದ ಮೇಲೆ. ಆಗಲೂ ಅತ್ತಿಗೆ ಮೊದಲು ಬಂದು ಕೇಳಿದ್ದು ಅಪ್ಪನನ್ನು.

ಮೇ ತಿಂಗಳಲ್ಲಿ ಎರಡು ಒಳ್ಳೆಯ ಮಳೆಯಾಯಿತು. ಶಾಲೆಗೆ ರಜೆ, ನಾನು ಇನ್ನೂ ಅಪ್ಪನ ಜೊತೆಗಿದ್ದೆ. ಕಡಿದ ಬುಡಗಳೆಲ್ಲ ಒಮ್ಮೆಲೇ ಚಿಗುರಿದವು. ತೇಗವನ್ನು ನೆಲಮಟ್ಟಕ್ಕೆ ಕೊಯ್ದರೂ ಅದು ಸಾಯುವುದಿಲ್ಲ. ಮೊದಲ ಮಳೆಗೇ ಸುತ್ತಲೂ ತಾಮ್ರದ ಬಣ್ಣದ ಎಳೆ ಚಿಗುರು ಬರುತ್ತದೆ. ನೋಡಲು ಚೆಂದ. ಆದರೆ ಬಿಟ್ಟರೆ ಅದು ನಿಂತ ಮರಗಳ ಪಾಲನ್ನು ತಿನ್ನುತ್ತದೆ, ಅವಕ್ಕೆ ಜಾಗ ಮಾಡಿಕೊಟ್ಟದ್ದೆಲ್ಲ ವ್ಯರ್ಥ. ಆಳುಗಳನ್ನು ಕರೆಯೋಣ ಎಂದೆ. ಬೇಡ, ನಾವಿಬ್ಬರೇ ಮಾಡೋಣ ಎಂದರು ಅಪ್ಪ.

ಬಿಡಿಸಿದ ಮೇಲೆ ನಾನು ಕಾಡನ್ನು ಸರಿಯಾಗಿ ನೋಡಿದ್ದು ಅವತ್ತೇ. ಮರಗಳ ನಡುವೆ ಆಕಾಶ ಬಂದಿತ್ತು. ನೆಲದಲ್ಲಿ ಹುಲ್ಲು ಹುಟ್ಟಿತ್ತು. ಅಪ್ಪ ಒಂದು ಸಾಲು, ನಾನು ಒಂದು ಸಾಲು ಹಿಡಿದು, ಬುಡದಿಂದ ಬುಡಕ್ಕೆ ಬಗ್ಗಿ, ಕತ್ತಿಯಿಂದ ದಪ್ಪನೆಯದನ್ನು ಸವರಿ, ಎಳೆಯದನ್ನು ಕೈಯಿಂದಲೇ ಮುರಿದು ಹಾಕುತ್ತ ಹೋದೆವು. ಸ್ವಲ್ಪ ಹೊತ್ತಿಗೆ ಕೈಗಳು ಕೆಂಪಾದವು. ತೇಗದ ಎಳೆ ಎಲೆ ಉಜ್ಜಿದರೆ ರಕ್ತದಂಥ ಬಣ್ಣ ಬಿಡುತ್ತದೆ. ನಾವು ಮಕ್ಕಳಿದ್ದಾಗ ಅದನ್ನೇ ಮದರಂಗಿ ಎಂದು ಹಚ್ಚಿಕೊಳ್ಳುತ್ತಿದ್ದೆವು. ಹೊಸದೇನಲ್ಲ.

ಅಪ್ಪನ ಸಾಲಿನಲ್ಲಿ ಕತ್ತಿಯ ಸದ್ದು ನಿಂತಿತು. ತಿರುಗಿ ನೋಡಿದೆ. ಅವರು ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡುತ್ತಿದ್ದರು.

"ಅವನ ಕೈಗೆ ಏನೂ ಆಗಿರ್ಲಿಲ್ಲ ಕಣವ್ವ," ಎಂದರು.

ಅಣ್ಣನ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಆಸ್ಪತ್ರೇಲಿ ನನಗೆ ಮುಖ ನೋಡೋಕೆ ಬಿಡ್ಲಿಲ್ಲ. ಬೇಡಿ ಯಜಮಾನ್ರೇ ಅಂದ್ರು. ಬಟ್ಟೆ ಹೊದಿಸಿದ್ರು. ಒಂದು ಕೈ ಮಾತ್ರ ಈಚೆ ಬಂದಿತ್ತು. ಹಿಡ್ಕೊಂಡೆ. ಒಂದು ಗೀರೂ ಇರ್ಲಿಲ್ಲ. ಉಗುರಲ್ಲಿ ಪಾಯಸದ ಬಣ್ಣ ಇನ್ನೂ ಹಂಗೇ ಇತ್ತು."

ನಾನು ಅವರ ಸಾಲಿಗೆ ದಾಟಿ ಹೋದೆ. ಅಪ್ಪ ನಿಂತುಕೊಂಡೇ ಅತ್ತರು, ಕೈಗಳನ್ನು ಹಾಗೇ ಚಾಚಿಕೊಂಡು, ಅವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವರ ಹಾಗೆ. ನಾನು ಅವನ್ನು ಹಿಡಿದುಕೊಂಡೆ. ನನಗೆ ಅಳು ಬರಲಿಲ್ಲ. ಅದು ಬಂದದ್ದು ಮುಂದಿನ ವರ್ಷ, ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ, ಯಾವ ಕಾರಣವೂ ಇಲ್ಲದೆ. ಅವತ್ತು ಸುಮ್ಮನೆ ಹಿಡಿದುಕೊಂಡು ನಿಂತೆ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ತಾವೇ ಕೈ ಬಿಡಿಸಿಕೊಂಡು ಪಂಚೆಗೆ ಒರೆಸಿಕೊಂಡರು. ಬಣ್ಣ ಹೋಗಲಿಲ್ಲ. ಪಶ್ಚಿಮದ ಕಡೆ ನೋಡಿದರು. ಮೋಡ ಕಟ್ಟುತ್ತಿತ್ತು.

"ಮೇಲಿನ ಸಾಲು ಉಳಿದದೆ," ಎಂದರು. "ಮಳೆ ಬರೋದ್ರೊಳಗೆ ಮುಗಿಸ್ಬಿಡೋಣ."

ನಾವು ಕತ್ತಿ ತೆಗೆದುಕೊಂಡು ಮೇಲಿನ ಸಾಲಿಗೆ ಹತ್ತಿದೆವು.